ಪ್ಯಾನಿಕ್‌ಗೆ ಕೊಟ್ಟ ಮಾತ್ರೆ ಒಮ್ಮೆಲೇ ಬಿಡಬಹುದಾ?

ತೀರ್ಥಹಳ್ಳಿ ಹುಡುಗ:
ಮೇ ತಿಂಗಳಲ್ಲಿ ಆಗುಂಬೆ ಘಾಟಿ ಇಳಿಯುವಾಗ ಬಸ್ಸಲ್ಲೇ ಎದೆ ಹೊಡೆದುಕೊಂಡು, ಉಸಿರು ಕಟ್ಟಿ, ಸತ್ತೇ ಹೋಗ್ತೀನಿ ಅನ್ನಿಸಿತು. ಇಸಿಜಿ, ಥೈರಾಯ್ಡ್ ಎಲ್ಲ ಸರಿ ಇತ್ತು. ಶಿವಮೊಗ್ಗದ ಡಾಕ್ಟರು ಪ್ಯಾನಿಕ್ ಅಂದರು. ದಿನಾ ಒಂದು ಎಸ್ಸಿಟಾಲೋಪ್ರಾಮ್, ಜೊತೆಗೆ ಆಲ್ಪ್ರಜೋಲಾಮ್ 0.25 ಬೆಳಿಗ್ಗೆ ರಾತ್ರಿ, ಅದು ಎರಡೇ ವಾರ ಅಂತ ಬರೆದರು. ಅಷ್ಟರಲ್ಲಿ ಮಳೆ, ಅಡಿಕೆಗೆ ಔಷಧಿ ಹೊಡೆಯುವ ಗಡಿಬಿಡಿ, ಮತ್ತೆ ಹೋಗಲೇ ಇಲ್ಲ. ಹಳೇ ಚೀಟಿ ತೋರಿಸಿ ಮೂರು ತಿಂಗಳು ಎರಡನ್ನೂ ತಗೊಂಡೆ. ಈಗ ಅಂಗಡಿಯಲ್ಲಿ ಕೊಡಲ್ಲ ಅಂದರು. ಆಲ್ಪ್ರಜೋಲಾಮ್ ಆರು ಉಳಿದಿವೆ. ಚಟ ಆಗುತ್ತೆ ಅಂತ ಅಮ್ಮನಿಗೆ ಭಯ. ಇವತ್ತೇ ಎಲ್ಲ ಬಿಟ್ಟುಬಿಡಲಾ?

ಸಾಗರದ ಮೆಡಿಕಲ್ ಅಂಗಡಿ:
ಬೇಡ ಮಾರಾಯ್ರೇ. ಆಲ್ಪ್ರಜೋಲಾಮ್ ಎಚ್1 ಪಟ್ಟಿಯ ಮಾತ್ರೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ್ದು, ಯಾರಿಗೆ ಕೊಟ್ಟೆವು ಅಂತ ನಾವು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಹಳೇ ಚೀಟಿಗೆ ಕೊಟ್ಟವರದ್ದೇ ತಪ್ಪು. ಆದರೆ ಮೂರು ತಿಂಗಳು ತಗೊಂಡು ಒಮ್ಮೆಲೇ ನಿಲ್ಲಿಸಿದರೆ ನಿದ್ದೆ ಹೋಗುತ್ತೆ, ಕೈ ನಡುಗುತ್ತೆ, ಕೆಲವರಿಗೆ ಫಿಟ್ಸೇ ಬರುತ್ತೆ. ಆರು ಮಾತ್ರೆ ಅಂದರೆ ಮೂರೇ ದಿನ. ಅಷ್ಟರೊಳಗೆ ಡಾಕ್ಟರನ್ನು ನೋಡಿ.

ಕೊಪ್ಪದ ಅಕ್ಕ:
ತಮ್ಮಾ, ನಾನು ಕ್ಲೋನಜೆಪಾಮ್ ಹೀಗೇ ಬಿಟ್ಟಿದ್ದೆ, ಅದೂ ನಿನ್ನ ಆಲ್ಪ್ರಜೋಲಾಮ್ ಜಾತಿಯದೇ. ಎರಡನೇ ರಾತ್ರಿಗೆ ಮೊದಲಿಗಿಂತ ಜೋರಾಗಿ ಪ್ಯಾನಿಕ್ ಬಂತು, ಕಾಯಿಲೆ ವಾಪಸ್ ಬಂತು ಅಂತಲೇ ಅತ್ತುಬಿಟ್ಟೆ, ಆದರೆ ಅದು ಮಾತ್ರೆ ನಿಲ್ಲಿಸಿದ್ದಕ್ಕೆ ಆದದ್ದು. ಆಮೇಲೆ ಡಾಕ್ಟರು ಸ್ವಲ್ಪ ಸ್ವಲ್ಪವೇ ಇಳಿಸಿ ಎರಡು ತಿಂಗಳಲ್ಲಿ ಬಿಡಿಸಿದರು. ನಿನ್ನ ಎಸ್ಸಿಟಾಲೋಪ್ರಾಮ್ ಬೇರೆ ಜಾತಿಯದು, ಅದು ಹಿಡಿಯೋಕೆ ಕೆಲವು ವಾರ ಬೇಕು, ಅಲ್ಲಿವರೆಗೆ ತಡೆದುಕೊಳ್ಳಲಿ ಅಂತ ಇನ್ನೊಂದನ್ನು ಕೊಟ್ಟಿರುತ್ತಾರೆ. ಎಸ್ಸಿಟಾಲೋಪ್ರಾಮನ್ನೂ ನೀನಾಗೇ ಬಿಡಬೇಡ. ಮದುವೆ ಮನೆಯಲ್ಲಿ ಯಾರಾದರೂ ಗ್ಲಾಸ್ ಕೊಟ್ಟರೆ ಮುಟ್ಟಬೇಡ, ಮದ್ಯದ ಜೊತೆ ಆಲ್ಪ್ರಜೋಲಾಮ್ ಸೇರಿದರೆ ಉಸಿರೇ ನಿಲ್ಲಬಹುದು. ಮಂಪರು ಇದ್ದರೆ ಬೈಕೂ ಬೇಡ.

ಶಿವಮೊಗ್ಗದವನು:
ಅದೇ ಡಾಕ್ಟರು ಸಿಗದಿದ್ದರೆ ಇಲ್ಲಿನ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ರಾತ್ರಿ ತುಂಬಾ ಕಷ್ಟ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಫಿಟ್ಸ್ ಬಂದರೆ ಮಾತ್ರ ಕಾಯಬೇಡಿ, 108.

ತೀರ್ಥಹಳ್ಳಿ ಹುಡುಗ:
ನಾಳೆಯೇ ಹೋಗ್ತೀನಿ. ಮೂರು ತಿಂಗಳು ತಗೊಂಡೆ ಅಂದರೆ ಬೈತಾರೇನೋ ಅಂತ ಭಯ.

ಕೊಪ್ಪದ ಅಕ್ಕ:
ಬೈದರೆ ಬೈಯಲಿ, ಲೆಕ್ಕ ಮಾತ್ರ ಸರಿಯಾಗಿ ಹೇಳು. ಎಷ್ಟು ತಗೊಂಡಿದ್ದೀಯ ಅಂತ ಗೊತ್ತಾಗದೆ ಎಷ್ಟು ಇಳಿಸಬೇಕು ಅಂತ ಅವರಿಗೆ ಹೇಗೆ ತಿಳಿಯಬೇಕು? ಚೀಟಿ, ಉಳಿದ ಸ್ಟ್ರಿಪ್ ಎರಡೂ ಒಯ್ಯಿ. ಅಮ್ಮನನ್ನೂ ಕರ್ಕೊಂಡು ಹೋಗು.