ಸಾಹಿತ್ಯ ಪತ್ರಿಕೆಗಳನ್ನು ನಿಜಕ್ಕೂ ನಡೆಸುತ್ತಿದ್ದವರು ಯಾರು?

ಪ್ರಶ್ನೆ: ಹಳೇ ಪುಸ್ತಕದಂಗಡಿಯಲ್ಲಿ ‘ಸಂಕ್ರಮಣ’ದ ಕೆಲವು ಸಂಚಿಕೆ ಸಿಕ್ಕವು. ಇಂಥ ಪತ್ರಿಕೆಗಳಿಗೆ ದೊಡ್ಡ ಸಂಪಾದಕ ಬಳಗ ಇರುತ್ತಿತ್ತಾ?

ಉತ್ತರ 1: ಬಳಗ ಎಲ್ಲಿಂದ ಬರಬೇಕು! 1964ರಲ್ಲಿ ಧಾರವಾಡದಲ್ಲಿ ಶುರು ಮಾಡಿದವರು ಮೂವರು: ಚಂದ್ರಶೇಖರ ಪಾಟೀಲ (ಚಂಪಾ), ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ. ಮೂವರೂ ಆಗ 25ರ ಆಸುಪಾಸಿನ ಹುಡುಗರು. ಮುಂದೆ ಚಂಪಾ ಒಬ್ಬರೇ ಅದನ್ನು ಎಳೆದುಕೊಂಡು ಹೋದರು.

ಉತ್ತರ 2: ನಾನು ಒಂದು ತ್ರೈಮಾಸಿಕಕ್ಕೆ ಪ್ರೂಫ್ ನೋಡುತ್ತಿದ್ದೆ. ಸಂಪಾದಕರ ಮನೆಯ ಹಜಾರವೇ ಕಚೇರಿ. ಕವಿತೆ ಆರಿಸಿದ ಕೈಯೇ ರ್‍ಯಾಪರ್‌ಗೆ ಗೋಂದು ಹಚ್ಚಿ ವಿಳಾಸ ಅಂಟಿಸುತ್ತಿತ್ತು. ಕೊನೇ ಗಳಿಗೆಯಲ್ಲಿ ಅರ್ಧ ಪುಟ ಖಾಲಿ ಉಳಿದರೆ ಚಿತ್ರಕಾರರಿಗೆ ಫೋನು. ಅವರು ಸಂಜೆಯೊಳಗೆ ಒಂದು ರೇಖಾಚಿತ್ರ ಕಳಿಸುತ್ತಿದ್ದರು, ಸಂಭಾವನೆ ಮಾತೇ ಇಲ್ಲ. ಒಳ್ಳೆಯ ಸಂಪಾದಕ ಅಂದರೆ ಸ್ನೇಹಿತನ ಕೆಟ್ಟ ಕತೆಯನ್ನೂ ವಾಪಸ್ ಕಳಿಸುವವನು. ಅದು ಭಾರೀ ಕಷ್ಟದ ಕೆಲಸ. ಚಂದಾ ವಸೂಲಿ ಅದಕ್ಕಿಂತ ಕಷ್ಟ ಬಿಡಿ, ಪ್ರೊಫೆಸರುಗಳೇ ಜಾಸ್ತಿ ಬಾಕಿ!

ಉತ್ತರ 3: ವಿವೇಕ ಶಾನಭಾಗರ ‘ದೇಶ ಕಾಲ’ವನ್ನೂ ಹುಡುಕಿ. 2005ರಲ್ಲಿ ಶುರುವಾಗಿ ಸುಮಾರು ಏಳು ವರ್ಷ ಬಂತು. ಮುದ್ರಣ, ವಿನ್ಯಾಸ ಎರಡೂ ಅಚ್ಚುಕಟ್ಟು.

ಪ್ರಶ್ನೆ ಕೇಳಿದವರು: ಪ್ರೊಫೆಸರುಗಳ ವಿಷಯ ಇನ್ನೂ ಸ್ವಲ್ಪ ಹೇಳಿ ಸಾರ್!