ಅಕ್ಕಾ, ಆ ದಪ್ಪ ಎಸಳಿನ ಬೆಳ್ಳುಳ್ಳಿ ಬೀಜಕ್ಕೆ ಬೇಡ

ಅಕ್ಕಾ, ಬೆಳಿಗ್ಗೆ ನೀವು ಗ್ರೂಪಲ್ಲಿ ಹಾಕಿದ್ದು ನೋಡಿದೆ. ಮೊಳಕೆ ಬಂದಿರೋ ದಪ್ಪ ಎಸಳಿನ ಬೆಳ್ಳುಳ್ಳಿನ ಹಿತ್ತಲಲ್ಲಿ ನೆಡಬಹುದಾ ಅಂದ್ರಿ. ಹೋದ ವರ್ಷ ನೆಟ್ಟಿದ್ದು ಮೊಳದುದ್ದ ಗರಿ ಬಿಡ್ತು, ಕಿತ್ತು ನೋಡಿದ್ರೆ ಗೆಡ್ಡೆನೇ ಇರಲಿಲ್ಲ, ಗೊಬ್ಬರ ಸಾಲಲಿಲ್ವಾ ಅಂತಾನೂ ಕೇಳಿದ್ದೀರಿ. ಸ್ವಲ್ಪ ಉದ್ದ ಆಗತ್ತೆ, ಪೂರ್ತಿ ಕೇಳಿ.

ಗೊಬ್ಬರದ ದೋಷ ಅಲ್ಲ ಅಕ್ಕಾ, ಬೀಜದ ದೋಷ. ಬೆಳ್ಳುಳ್ಳಿ ಗೆಡ್ಡೆ ಕಟ್ಟೋದು ಎರಡು ಲೆಕ್ಕ ನೋಡ್ಕೊಂಡು: ಎಷ್ಟು ದಿನ ಚಳಿ ತಿಂದಿದೆ, ಹಗಲು ಎಷ್ಟು ಉದ್ದ ಇದೆ. ಅಂಗಡೀಲಿ ಕಣ್ಣಿಗೆ ಚೆನ್ನಾಗಿ ಕಾಣೋ, 10-15 ದಪ್ಪ ಎಸಳಿನ ಬೆಳ್ಳುಳ್ಳಿ ಬಹಳಷ್ಟು ಹಿಮಾಚಲ, ಕಾಶ್ಮೀರದಂಥ ಬೆಟ್ಟದ ಕಡೆಯದ್ದು. ಅಲ್ಲಿ ಒಳ್ಳೆ ಚಳಿ ಬೀಳತ್ತೆ, ಬೇಸಿಗೇಲಿ ಹಗಲು 14 ಗಂಟೆ ಇರತ್ತೆ. ಮೈಸೂರಲ್ಲಿ ಡಿಸೆಂಬರ್ ಹಗಲು ಹನ್ನೊಂದೂವರೆ ಗಂಟೆಯ ಹತ್ತಿರ, ಜೂನ್‌ನಲ್ಲೂ 13 ಗಂಟೆ ದಾಟೋದಿಲ್ಲ. ಆ ಜಾತಿಗೆ ಇಲ್ಲಿ ಗೆಡ್ಡೆ ಕಟ್ಟೋ ಹೊತ್ತು ಬರೋದೇ ಇಲ್ಲ. ಗರಿ ಬಿಡ್ತಾ ಇರತ್ತೆ, ಮಾರ್ಚ್ ಬಿಸಿಲಿಗೆ ಒಣಗತ್ತೆ. ಕೆಳಗೆ ಏನೂ ಇರೋದಿಲ್ಲ, ಇಲ್ಲಾ ಎಸಳು ಒಡೆಯದ ಒಂಟಿ ಗೆಡ್ಡೆ ಸಿಗತ್ತೆ.

ಹಾಗಾಗಿ ಬೀಜಕ್ಕೆ ನಾಟಿ ಬೆಳ್ಳುಳ್ಳಿನೇ ತನ್ನಿ. ಉತ್ತರ ಕರ್ನಾಟಕದವರು ಜವಾರಿ ಅಂತಾರಲ್ಲ, ಗದಗ, ಹಾವೇರಿ ಕಡೆಯಿಂದ ಬರೋ ಸಣ್ಣ ಗೆಡ್ಡೆ, ಖಾರ ಜಾಸ್ತಿ, ಅದು. ಬೀಜದ ಹೆಸರು ಹೇಳಿ ತರೋದಾದ್ರೆ ಭೀಮಾ ಪರ್ಪಲ್ ಕೇಳಿ. ಅದು ಪುಣೆ ಹತ್ತಿರ ರಾಜಗುರುನಗರದ ಈರುಳ್ಳಿ-ಬೆಳ್ಳುಳ್ಳಿ ಸಂಶೋಧನಾ ಸಂಸ್ಥೆಯ ತಳಿ, ಕರ್ನಾಟಕಕ್ಕೂ ಶಿಫಾರಸು ಆಗಿದೆ. ಅಗ್ರಿಫೌಂಡ್ ವೈಟ್, ಅಂದ್ರೆ ಜಿ-41, ಅದೂ ಆಗತ್ತೆ. ಅಗ್ರಿಫೌಂಡ್ ಪಾರ್ವತಿ ಅಂತ ಕೊಟ್ರೆ ತಗೋಬೇಡಿ, ಬೆಟ್ಟದ ಸೀಮೆಗೆ ಮಾಡಿದ ತಳಿ ಅದು.

ಕಾಲ ಈಗ್ಲೇ. ದಸರಾ ಮುಗಿದು ಮಳೆ ಸ್ವಲ್ಪ ಹಿಂದೆ ಸರಿದ ಮೇಲೆ, ಅಕ್ಟೋಬರ್ ಮಧ್ಯದಿಂದ ನವೆಂಬರ್ 15ರ ಒಳಗೆ ನೆಟ್ಟುಬಿಡಬೇಕು. ಗರಿ ಬಲಿಯೋ ಹೊತ್ತಿಗೆ ಡಿಸೆಂಬರ್-ಜನವರಿ ಚಳಿ ಸಿಗಬೇಕು ಅನ್ನೋದೇ ಇದರ ಲೆಕ್ಕ. ಸಂಕ್ರಾಂತಿಗೆ ನೆಟ್ರೆ ಗಿಡ ಸಣ್ಣದಿರುವಾಗಲೇ ಸೆಕೆ ಬಂದು ಗೆಡ್ಡೆ ಗೋಲಿ ಗಾತ್ರಕ್ಕೆ ನಿಲ್ಲತ್ತೆ. ಫ್ರಿಜ್‌ನಲ್ಲಿಟ್ಟು ನೆಡೋದು ಸರಿನಾ ಅಂತ ಭಾವ ಕೇಳಿದ್ರಲ್ಲ, ಸರಿನೇ. ಮೈಸೂರು, ಬೆಂಗಳೂರಿನಷ್ಟು ಸಣ್ಣ ಚಳಿಯಲ್ಲಿ ಅದು ನೆರವಾಗತ್ತೆ. ಗೆಡ್ಡೆ ಬಿಡಿಸದೆ, ಕಾಗದದ ಚೀಲದಲ್ಲಿ, ತರಕಾರಿ ಇಡೋ ಕೆಳಗಿನ ಡಬ್ಬದಲ್ಲಿ 4 ವಾರ ಇಡಿ. ಪ್ಲಾಸ್ಟಿಕ್‌ನಲ್ಲಿ ಕಟ್ಟಿದ್ರೆ ಬೆವೆತು ಬೂಷ್ಟು ಹಿಡಿಯತ್ತೆ. ಹೊರಗೆ ತೆಗೆದ ಮೇಲೆ ವಾರಗಟ್ಟಲೆ ಇಟ್ಕೋಬೇಡಿ, ಒಂದೆರಡು ದಿನದಲ್ಲಿ ನೆಟ್ಟುಬಿಡಿ. ಬೆಟ್ಟದ ಬೆಳ್ಳುಳ್ಳಿಗೆ ಮಾತ್ರ ಇದು ಪೂರ್ತಿ ಮದ್ದಲ್ಲ, ಹಗಲಿನ ಉದ್ದಕ್ಕೆ ಫ್ರಿಜ್ ಏನು ಮಾಡತ್ತೆ?

ಮಡಿ ಒಂದು ಮೀಟರ್ ಅಗಲ, ಎರಡು ಮೀಟರ್ ಉದ್ದ ಮಾಡ್ಕೊಳ್ಳಿ. ಅಕ್ಟೋಬರ್ ಮಳೆ ಇನ್ನೂ ಒಂದೆರಡು ಸಲ ಬೀಳಬಹುದು, ಅದಕ್ಕೇ ಅರ್ಧ ಅಡಿ ಎತ್ತರದ ಏರುಮಡಿ. ನೀರು ನಿಂತ್ರೆ ಎಸಳು ಬುಡದಿಂದಲೇ ಕೊಳೆಯತ್ತೆ. ಹೋದ ಸಲ ಈರುಳ್ಳಿ ಹಾಕಿದ್ದ ಜಾಗ ಬೇಡ, ರೋಗ ಎರಡಕ್ಕೂ ಒಂದೇ. ಒಂದು ಗೇಣು ಆಳಕ್ಕೆ ಅಗೆದು, ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ 5 ಕೆಜಿ, ಬೇವಿನ ಹಿಂಡಿ 200 ಗ್ರಾಂ ಬೆರೆಸಿ. ಹಸಿ ಸಗಣಿ ಬೇಡವೇ ಬೇಡ. ರಾಸಾಯನಿಕ ಗೊಬ್ಬರ ಹಾಕೋರಾದ್ರೆ ಇಷ್ಟು ಜಾಗಕ್ಕೆ ಸೂಪರ್ ಫಾಸ್ಫೇಟ್ 60 ಗ್ರಾಂ, ಪೊಟ್ಯಾಶ್ 15 ಗ್ರಾಂ, ಯೂರಿಯಾ 20 ಗ್ರಾಂ ನೆಡೋ ಮುಂಚೆ. ಆಮೇಲೆ 30ನೇ ದಿನ 10 ಗ್ರಾಂ, 45ನೇ ದಿನ 10 ಗ್ರಾಂ ಯೂರಿಯಾ, ಅಷ್ಟೇ. ಎರಡು ತಿಂಗಳಾದ ಮೇಲೆ ಯೂರಿಯಾ ಮುಟ್ಟಬೇಡಿ, ಸಗಣಿ ನೀರು, ಜೀವಾಮೃತನೂ ಬೇಡ. ಬಹಳ ಜನ ಕೆಡೋದು ಇಲ್ಲೇ. ಗಿಡ ಹಸಿರಾಗಿದೆ ಅಂತ ಖುಷಿಯಾಗಿ ಇನ್ನಷ್ಟು ಹಾಕ್ತಾರೆ, ಕಟ್ಟಿಕೊಳ್ತಿದ್ದ ಎಸಳುಗಳೇ ಗಿಡದ ಮೇಲೆ ಮತ್ತೆ ಚಿಗುರಿ ಪಕ್ಕದಲ್ಲಿ ಕುಡಿ ಬರತ್ತೆ. ಆಮೇಲೆ ಆ ಗೆಡ್ಡೆಯ ಎಸಳುಗಳು ಸಡಿಲ ಆಗತ್ತೆ, ಇಟ್ರೆ ಉಳಿಯೋದಿಲ್ಲ.

ಎಸಳನ್ನ ನೆಡೋ ದಿನವೇ ಬಿಡಿಸಿ, ಮೊದಲೇ ಬಿಡಿಸಿಟ್ರೆ ಬುಡ ಒಣಗತ್ತೆ. ಸಿಪ್ಪೆ ಸುಲೀಬೇಡಿ. ಹೊರಸುತ್ತಿನ ದಪ್ಪ ಎಸಳು ಬೀಜಕ್ಕೆ, ನಡುವಿನ ಕಡ್ಡಿಯಂಥವು ಒಗ್ಗರಣೆಗೆ. ಒಂದು ಗ್ರಾಂಗಿಂತ ಹಗುರ ಇದ್ರೆ ಗೆಡ್ಡೆನೂ ಸಣ್ಣದೇ ಬರೋದು. ಕೆಜಿ ಎಸಳಿಗೆ 5 ಗ್ರಾಂ ಟ್ರೈಕೋಡರ್ಮಾ ಪುಡಿ (ಕೊಳೆ ರೋಗ ತಡೆಯೋ ಒಳ್ಳೆ ಶಿಲೀಂಧ್ರ) ಸ್ವಲ್ಪ ನೀರಲ್ಲಿ ಕಲಸಿ ಸವರಿ, ಅರ್ಧ ಗಂಟೆ ನೆರಳಲ್ಲಿ ಆರಿಸಿ. ಸಾಲಿಂದ ಸಾಲಿಗೆ 15 ಸೆಂಟಿಮೀಟರ್, ಎಸಳಿಂದ ಎಸಳಿಗೆ 10. ಈ ಮಡಿಗೆ ಸುಮಾರು 130 ಎಸಳು ಹಿಡಿಯತ್ತೆ, ಎಲ್ಲ ಸರಿಹೋದ್ರೆ ಎರಡು ಕೆಜಿ ಮೇಲೆ ಬೆಳ್ಳುಳ್ಳಿ. ಬೆರಳಲ್ಲಿ ಒತ್ತಿ ತುರುಕಬೇಡಿ. ಗಟ್ಟಿ ಮಣ್ಣಿಗೆ ಒತ್ತಿದ್ರೆ ಬೇರು ಕೆಳಗಿಳಿಯೋಕಾಗದೆ ಎಸಳನ್ನೇ ಮೇಲಕ್ಕೆತ್ತಿಬಿಡತ್ತೆ. ಕಡ್ಡೀಲಿ ತೂತು ಮಾಡಿ, ಚಪ್ಪಟೆ ಬುಡ ಕೆಳಗೆ, ಚೂಪು ತುದಿ ಮೇಲೆ ಇಟ್ಟು, ಮೇಲೆ ಒಂದು ಇಂಚು ಮಣ್ಣು. ತಲೆಕೆಳಗಾದ್ರೂ ಹುಟ್ಟತ್ತೆ, ಆದ್ರೆ ಕತ್ತು ಸುತ್ತಿ ಬಂದು ಗೆಡ್ಡೆ ಸೊಟ್ಟ ಆಗತ್ತೆ.

ನೆಟ್ಟ ಕೂಡ್ಲೇ ನೀರು, ಮೂರನೇ ದಿನ ಇನ್ನೊಂದು, ಆಮೇಲೆ ವಾರಕ್ಕೊಂದು ಸಲ. ಬೊಟ್ಟು ಚುಚ್ಚಿ ನೋಡಿ, ಒಂದು ಗೆಣ್ಣು ಆಳದಲ್ಲಿ ಒಣಗಿದ್ರೆ ಮಾತ್ರ ಹಾಕಿ. ಮೊಳಕೆ ಕಂಡ ಮೇಲೆ ಭತ್ತದ ಹುಲ್ಲೋ ರಾಗಿ ಹುಲ್ಲೋ ಎರಡು ಇಂಚು ಹಾಸಿದ್ರೆ ಕಳೆ ಅರ್ಧ ಕಡಿಮೆ. ಬೇರು ಮೇಲ್ಮೈಲೇ ಹರಡಿರತ್ತೆ, ಅದಕ್ಕೆ ಕಳೆ ಕೈಯಲ್ಲೇ ಕೀಳಿ, ಕುಡುಗೋಲು ಆಳಕ್ಕೆ ಹಾಕಬೇಡಿ. ಗೆಡ್ಡೆ ಊದೋ ಸಮಯದಲ್ಲಿ, ಅಂದ್ರೆ 60 ದಿನದ ಮೇಲೆ, ಮಡಿ ಪೂರ್ತಿ ಒಣಗಿಸಿ ಆಮೇಲೆ ಒಮ್ಮೆಲೇ ನೀರು ತುಂಬಿಸಿದ್ರೆ ಗೆಡ್ಡೆ ಬಿರಿಯತ್ತೆ.

ಗರಿ ಮೇಲೆ ಬೆಳ್ಳಿ ಥರ ಗೀರು ಕಂಡ್ರೆ ಥ್ರಿಪ್ಸ್. ಗರಿಯ ಕಂಕುಳು, ಅಂದ್ರೆ ಗರಿ ದಂಟಿಗೆ ಸೇರೋ ಸಂದು, ಬಿಡಿಸಿ ನೋಡಿ, ಹಳದಿ ಸಣ್ಣ ಹುಳ ಓಡಾಡ್ತಿರತ್ತೆ. ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪಿನ ದ್ರಾವಣ, ಸಂಜೆ ಹೊತ್ತು ಕಂಕುಳಿಗೆ ಬೀಳೋ ಹಾಗೆ ಹೊಡೀರಿ, ವಾರ ಬಿಟ್ಟು ಮತ್ತೊಮ್ಮೆ. ಗರಿಗಳು ಬಿಚ್ಚಿಕೊಳ್ಳದೆ ಒಂದಕ್ಕೊಂದು ಅಂಟಿ ಮುರುಟಿ ಬಂದ್ರೆ ಅದು ನುಸಿ, ಬೀಜದ ಜೊತೆನೇ ಬಂದಿರತ್ತೆ. ಅದಕ್ಕೆ ನೀರಲ್ಲಿ ಕರಗೋ ಗಂಧಕ ಲೀಟರಿಗೆ 2 ಗ್ರಾಂ. ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆದ್ರೆ ಗರಿ ಸುಡತ್ತೆ. ನೇರಳೆ ಬಣ್ಣದ ಕಣ್ಣಿನಾಕಾರದ ಮಚ್ಚೆ ಬಂದ ಗರಿ ಕತ್ತರಿಸಿ ದೂರ ಹಾಕಿ. ಮೇಲಿಂದ ನೀರು ಚಿಮುಕಿಸಬೇಡಿ, ಬುಡಕ್ಕೆ ಹರಿಸಿ.

ಭಾವಾ, ತಾರಸಿ ಮೇಲೆ ಮಾಡೋದಾದ್ರೆ 12 ಇಂಚು ಅಗಲದ ಗ್ರೋ ಬ್ಯಾಗಿಗೆ 8 ಎಸಳು, ಅದಕ್ಕಿಂತ ಹೆಚ್ಚು ಬೇಡ. ಕೆಮ್ಮಣ್ಣು ಎರಡು ಪಾಲು, ಗೊಬ್ಬರ ಒಂದು, ಮರಳು ಒಂದು. ದಿನಕ್ಕೆ 6 ಗಂಟೆ ಬಿಸಿಲು ಬೇಕೇ ಬೇಕು.

ನ್ಯೂಜೆರ್ಸಿಯಿಂದ ಪುಟ್ಟಿ ಕೇಳಿದ್ದಳಲ್ಲ, ಅವಳ ಲೆಕ್ಕ ತಿರುಗಾಮುರುಗ. ಪುಟ್ಟೀ, ನಿನ್ನ ಕಡೆ ನಮ್ಮ ನಾಟಿ ಬೇಡ, ಅಲ್ಲಿಯ ಗಟ್ಟಿ ದಂಟಿನ ಜಾತಿನೇ (ಹಾರ್ಡ್‌ನೆಕ್ ಅಂತಾರಲ್ಲ, ಅದು) ಹಾಕು. ಅಕ್ಟೋಬರ್ ಮಧ್ಯದಿಂದ ನವೆಂಬರ್ ಮೊದಲ ವಾರದೊಳಗೆ, ನೆಲ ಹೆಪ್ಪುಗಟ್ಟೋ ಮುಂಚೆ ಬೇರು ಬಿಡೋ ಹಾಗೆ. ಎರಡು ಇಂಚು ಆಳ, ಆರು ಇಂಚು ಅಂತರ, ಮೇಲೆ ಒಣಹುಲ್ಲು ನಾಲ್ಕೈದು ಇಂಚು. ಜೂನ್‌ನಲ್ಲಿ ಸುರುಳಿ ಸುತ್ತಿದ ಹೂದಂಟು ಬರತ್ತೆ, ಕತ್ತರಿಸಿ ಪಲ್ಯಕ್ಕೆ ಹಾಕು, ಬಿಟ್ರೆ ಗೆಡ್ಡೆಗೆ ಹೋಗೋ ಸತ್ವ ಅದಕ್ಕೆ ಹೋಗತ್ತೆ. ಕೀಳೋದು ಜುಲೈನಲ್ಲಿ.

ಅಕ್ಕಾ, ನಿಮ್ಮದು 120-130 ದಿನಕ್ಕೆ, ಫೆಬ್ರವರಿ ಕೊನೆ, ಮಾರ್ಚ್ ಹೊತ್ತಿಗೆ ಬರತ್ತೆ. ಕೆಳಗಿನ ಗರಿ ಒಣಗಿ ಗಿಡ ಬಾಗೋಕೆ ಶುರುವಾದ್ರೆ ನೀರು ನಿಲ್ಲಿಸಿ, ಎರಡು ವಾರ ಬಿಟ್ಟು ಒಂದು ಕಿತ್ತು ನೋಡಿ. ಎಸಳುಗಳು ಬೇರೆ ಬೇರೆಯಾಗಿ ಕೈಗೆ ಸಿಗಬೇಕು. ತಡ ಮಾಡಿದ್ರೆ ಹೊರಸಿಪ್ಪೆ ಹರಿದು ಎಸಳು ಮಣ್ಣಲ್ಲೇ ಬಿಚ್ಚಿಹೋಗತ್ತೆ. ಗರಿ ಹಿಡಿದು ಜಗ್ಗದೆ ಪಕ್ಕದ ಮಣ್ಣು ಸಡಿಲಿಸಿ ಎತ್ತಿ. ತೊಳೀಬೇಡಿ. ಗರಿ ಸಮೇತ ನೆರಳಲ್ಲಿ, ಗಾಳಿ ಆಡೋ ಕಡೆ 10 ದಿನ ಒಣಗಿಸಿ ಜಡೆ ಹೆಣೆದು ತೂಗುಹಾಕಿ. ಅದರಲ್ಲಿ ದಪ್ಪ ಗೆಡ್ಡೆ ಹದಿನೈದು ಬೇರೆ ಎತ್ತಿಡಿ, ಮುಂದಿನ ಅಕ್ಟೋಬರ್‌ಗೆ ಬೀಜ.

ಈಗ ಮೊಳೆತಿರೋ ಆ ದಪ್ಪ ಬೆಳ್ಳುಳ್ಳಿ ಬಿಸಾಕಬೇಡಿ. ಒಂದು ಅಗಲದ ಕುಂಡದಲ್ಲಿ ಎರಡೆರಡು ಇಂಚಿಗೆ ಒತ್ತಾಗಿ ನೆಟ್ಟು ಅಡುಗೆಮನೆ ಬಾಗಿಲ ಹತ್ತಿರ ಇಡಿ. ಗೆಡ್ಡೆ ಬರಲ್ಲ, ಆದ್ರೆ ತಿಂಗಳೊಳಗೆ ಎಳೆ ಗರಿ ಸಿಗತ್ತೆ, ಅಕ್ಕಿ ರೊಟ್ಟಿಗೆ ಹೆಚ್ಚಿ ಹಾಕಿ.