ಎಸ್‌ಡಬ್ಲ್ಯೂಆರ್ 1.2 ತೋರಿಸ್ತದೆ, ಆದರೆ ಕುಂಬಳೆಗೆ ನಮ್ಮ ಸ್ವರ ಮುಟ್ಟುದಿಲ್ಲ

ಗೋಳಿಮರ:
ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ವಾಚನಾಲಯದ ಮಾಳಿಗೆಯಲ್ಲಿ ಒಂದು ಹ್ಯಾಮ್ (ಹವ್ಯಾಸಿ ರೇಡಿಯೋ) ಸ್ಟೇಷನ್ ಇಟ್ಟಿದ್ದೇವೆ. ಮಳೆಗಾಲದಲ್ಲಿ ಕರೆಂಟೂ ಮೊಬೈಲೂ ಒಟ್ಟಿಗೆ ಹೋದರೆ ಇಲ್ಲಿಯ ಸುದ್ದಿ ಕುಂಬಳೆಗೆ ಮುಟ್ಟಬೇಕು, ಅಲ್ಲಿಯವರು ವಿದ್ಯಾನಗರದ ಕಲೆಕ್ಟರೇಟಿಗೆ ದಾಟಿಸುತ್ತಾರೆ. ರಿಪೀಟರನ್ನು (ಮಾತನ್ನು ಹಿಡಿದು ಪುನಃ ಬಿಡುವ ನಡುವಿನ ಸ್ಟೇಷನ್) ನಂಬಿ ಕೂತಿಲ್ಲ, 2 ಮೀಟರ್ ಬ್ಯಾಂಡಿನಲ್ಲಿ (145 ಮೆಗಾಹರ್ಟ್ಸ್ ಸುತ್ತ) ಸೆಟ್ಟಿನಿಂದ ಸೆಟ್ಟಿಗೆ ನೇರ ಸಿಂಪ್ಲೆಕ್ಸ್.

ನಮ್ಮದು 25 ವಾಟಿನ ಮೊಬೈಲ್ ಸೆಟ್. ಆಂಟೆನಾ ನಾವೇ ಮಾಡಿದ ಕ್ವಾರ್ಟರ್ ವೇವ್ ಗ್ರೌಂಡ್ ಪ್ಲೇನ್ (ನೆಟ್ಟಗೆ ಒಂದು ಕಡ್ಡಿ, ಅದರ ಬುಡದಲ್ಲಿ ಸುತ್ತ ರೇಡಿಯಲ್ ಕಡ್ಡಿಗಳು). ಜಿಐ ಪೈಪು ಕಟ್ಟಡದ ಹಿಂಬದಿಗೆ ಇರುವುದರಿಂದ ಕೇಬಲ್ 25 ಮೀಟರ್ ಆಗಿದೆ, ತೆಳುವಾದ ಆರ್‌ಜಿ-58.

ಎಪ್ರಿಲಿನಲ್ಲಿ ಎಲ್ಲ ಸರಿ ಇತ್ತು. ಈಗ ಮಳೆ ಹಿಡಿದ ಮೇಲೆ ಕುಂಬಳೆಯವರು ನಮಗೆ ಚೆಂದ ಕೇಳುತ್ತಾರೆ, ಅವರಿಗೆ ಮಾತ್ರ ನಮ್ಮದು ಬರೀ ಸುಯ್ ಸುಯ್, ನಡುವೆ ಅರ್ಧರ್ಧ ಮಾತು. ಮೀಟರ್ ನೋಡಿದರೆ ಎಸ್‌ಡಬ್ಲ್ಯೂಆರ್ (ಕಳಿಸಿದ ಪವರ್ ಎಷ್ಟು ಹಿಂದೆ ಬರುತ್ತದೆ ಎಂಬುದರ ಅಳತೆ, 1 ಆದರೆ ಏನೂ ಹಿಂದೆ ಬರುವುದಿಲ್ಲ) 1.2. ಬೇಸಗೆಯಲ್ಲಿ 1.5 ಇತ್ತು, ಈಗ ಅದಕ್ಕಿಂತಲೂ ಒಳ್ಳೆಯದಾಗಿದೆ! ಮೈಕ್ ಬದಲಿಸಿ ನೋಡಿ ಆಯಿತು. ಇನ್ನೊಂದು ತೊಂದರೆ: ಇನ್ವರ್ಟರ್ ಬ್ಯಾಟರಿಯಿಂದ ಓಡಿಸುವಾಗ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿದರೆ ಕೆಲವು ಸಲ ಸೆಟ್ಟು ಆಫಾಗಿ ಪುನಃ ಆನ್ ಆಗುತ್ತದೆ. ಎರಡಕ್ಕೂ ಸಂಬಂಧ ಉಂಟಾ?

ವಿಯು3_ಹೊಸಬ:
ಟೋನ್ ನೋಡಿದಿರಾ ಅಣ್ಣ? ಅವರ ಸೆಟ್ಟಿನಲ್ಲಿ ಟೋನ್ ಸ್ಕ್ವೆಲ್ಚ್ (ಸರಿಯಾದ ಟೋನ್ ಬಂದರೆ ಮಾತ್ರ ಸ್ವರ ಬಿಡುವ ವ್ಯವಸ್ಥೆ) ಆನ್ ಆಗಿ ನಿಮ್ಮಲ್ಲಿ ಬೇರೆ ಟೋನ್ ಇದ್ದರೂ ಹೀಗೆ ಆಗಬಹುದಲ್ಲ. ಅಥವಾ ಸಿಗ್ನಲಿನ ಅಗಲದ ಸೆಟ್ಟಿಂಗ್ ನಿಮ್ಮದು ನ್ಯಾರೋ, ಅವರದು ವೈಡ್ ಇದ್ದರೆ?

ಸುಳ್ಯದ ಭಾವ:
ಟೋನ್ ತಪ್ಪಿದ್ದರೆ ಅವರಿಗೆ ಎಂತದೂ ಕೇಳುವುದಿಲ್ಲ, ಸ್ಕ್ವೆಲ್ಚ್ ತೆರೆಯುವುದೇ ಇಲ್ಲ. ನ್ಯಾರೋ-ವೈಡ್ ವ್ಯತ್ಯಾಸ ಇದ್ದರೆ ಸ್ವರ ಸಣ್ಣಗೆ ಕೇಳುತ್ತದೆ, ಆದರೆ ಹಿಂದೆ ಸುಯ್ ಸದ್ದು ಇರುವುದಿಲ್ಲ. ಸುಯ್ ಅಂದರೆ ಸಿಗ್ನಲ್ ಸಾಲುತ್ತಿಲ್ಲ ಅಂತಲೇ. ಸೆಟ್ಟಿನ ಮೆನು ಬಿಡಿ, ಹೊರಗೆ ಬನ್ನಿ.

ನಿವೃತ್ತ ಮಾಷ್ಟ್ರು:
ನೀವು ತೋಟದ ತಗ್ಗಿನಲ್ಲಿ ಇದ್ದೀರಿ ಅಂತ ಅಂದಾಜು. ಪೆರ್ಲ, ಬದಿಯಡ್ಕ ಕಡೆ ಮುರಕಲ್ಲಿನ ಪದವು ಒಂದು ಬದಿ, ಅಡಿಕೆ ತೋಟದ ಕಣಿವೆ ಒಂದು ಬದಿ. 2 ಮೀಟರಿನಂಥ ವಿಎಚ್‌ಎಫ್ ಅಲೆಗೆ ಗುಡ್ಡೆ ದಾಟುವುದು ಕಷ್ಟ. ಅದರ ಮೇಲೆ ಒದ್ದೆ ಸೋಗೆ, ಒದ್ದೆ ಕಾಡು ಸಿಗ್ನಲನ್ನು ತಿನ್ನುತ್ತದೆ. ಪೊಸಡಿ ಗುಂಪೆ ಗುಡ್ಡೆಯ ಮೇಲೆ ಒಬ್ಬರು 5 ವಾಟಿನ ಹ್ಯಾಂಡಿ (ಕೈಯಲ್ಲಿ ಹಿಡಿಯುವ ಸೆಟ್) ಹಿಡಿದು ನಿಂತು ಮಾತು ದಾಟಿಸಿದರೆ ನಿಮ್ಮ 25 ವಾಟ್ ಮಾಡದ ಕೆಲಸ ಆಗುತ್ತದೆ.

ಸುಳ್ಯದ ಭಾವ:
ಮಾಷ್ಟ್ರೇ, ಗುಡ್ಡೆ ಎಪ್ರಿಲಿನಲ್ಲೂ ಅಲ್ಲೇ ಇತ್ತಲ್ಲ 😀 ಒದ್ದೆ ಎಲೆಯ ಮಾತು ಸರಿ, ಆದರೆ 145 ಮೆಗಾಹರ್ಟ್ಸಿನಲ್ಲಿ ಅದರ ಪೆಟ್ಟು ಅಷ್ಟು ದೊಡ್ಡದಲ್ಲ, 70 ಸೆಂಟಿಮೀಟರ್ ಬ್ಯಾಂಡಿನಲ್ಲಿ ಹೆಚ್ಚು. ಮತ್ತೆ ಸಿಡಿಲಿನ ಹೊತ್ತಿಗೆ ಗುಂಪೆಯ ನೆತ್ತಿಗೆ ಆಂಟೆನಾ ಕೊಟ್ಟು ಹುಡುಗರನ್ನು ಕಳಿಸುವುದು ಯೋಜನೆಯಲ್ಲ, ಅಪಾಯ.

ಗೋಳಿಮರ ಅವರೇ, ನನಗೆ ಸಂಶಯ ಬಂದದ್ದು ಆ 1.2ರ ಮೇಲೆಯೇ. ಮಳೆ ಬಂದ ಮೇಲೆ ಎಸ್‌ಡಬ್ಲ್ಯೂಆರ್ ತಾನಾಗಿ ಒಳ್ಳೆಯದಾಯಿತು ಅಂದರೆ ಖುಷಿಪಡುವ ವಿಷಯ ಅಲ್ಲ. ಮೀಟರ್ ಸೆಟ್ಟಿನ ಹತ್ತಿರ ಉಂಟಲ್ಲ? ಅದು ನೋಡುವುದು ಮೇಲೆ ಹೋಗಿ ಹಿಂದೆ ಬಂದ ಪವರನ್ನು. ಕೇಬಲ್ ದಾರಿಯಲ್ಲೇ ಪವರ್ ನುಂಗಿದರೆ ಹಿಂದೆ ಬರಲು ಏನೂ ಉಳಿಯುವುದಿಲ್ಲ, ಮೀಟರ್ "ಎಲ್ಲ ಸರಿ" ಅನ್ನುತ್ತದೆ.

ಒಂದು ಪರೀಕ್ಷೆ ಮಾಡಿ. ಮೇಲೆ ಹತ್ತಿ ಆಂಟೆನಾದಿಂದ ಕೇಬಲ್ ಬಿಚ್ಚಿ, ತುದಿಯನ್ನು ಹಾಗೇ ತೆರೆದು ಬಿಡಿ. ಕೆಳಗೆ ಬಂದು ಲೋ ಪವರಿನಲ್ಲಿ ಎರಡು ಸೆಕೆಂಡ್ ಒತ್ತಿ ಎಸ್‌ಡಬ್ಲ್ಯೂಆರ್ ಓದಿ. ನ್ಯಾನೋವಿಎನ್‌ಎ (ಆಂಟೆನಾ, ಕೇಬಲ್ ಅಳೆಯುವ ಸಣ್ಣ ಉಪಕರಣ) ಯಾರಲ್ಲಾದರೂ ಇದ್ದರೆ ಅದೇ ಒಳ್ಳೆಯದು, ಸೆಟ್ಟಿಗೆ ಭಯವಿಲ್ಲ. ನಷ್ಟವೇ ಇಲ್ಲದ ಕೇಬಲ್ ಆದರೆ ಮುಳ್ಳು ಕೊನೆಗೆ ಹೋಗಿ ನಿಲ್ಲಬೇಕು. 25 ಮೀಟರ್ ಒಣ ಆರ್‌ಜಿ-58ರಲ್ಲಿ 2ರ ಹತ್ತಿರ ಬರುತ್ತದೆ, ಯಾಕೆಂದರೆ ಆ ಕೇಬಲಿಗೆ ಈ ಬ್ಯಾಂಡಿನಲ್ಲಿ 100 ಮೀಟರಿಗೆ ಸುಮಾರು 20 ಡಿಬಿ (ಡೆಸಿಬೆಲ್, 3 ಡಿಬಿ ಹೋದರೆ ಪವರ್ ಅರ್ಧ ಹೋದ ಹಾಗೆ) ನಷ್ಟ. ಅದಕ್ಕಿಂತ ಕಡಿಮೆ ಬಂದರೆ ಕೇಬಲ್ ನೀರು ಕುಡಿದಿದೆ ಅಂತಲೇ ಲೆಕ್ಕ.

ಕುಂಬಳೆ ಕಡಲು:
ಈ ತುದಿಯಲ್ಲಿ ಕೇಳುವವ ನಾನೇ. ಒಂದು ಪ್ರಶ್ನೆ. ಕೇಬಲ್ ಹಾಳಾದರೆ ಹೋಗುವುದಕ್ಕೂ ಬರುವುದಕ್ಕೂ ಒಂದೇ ನಷ್ಟ ಅಲ್ವಾ? ನಾನು ಅವರಿಗೆ ಗಂಟೆ ಬಾರಿಸಿದ ಹಾಗೆ ಕೇಳುತ್ತೇನಂತೆ. ಹಾಗಾದರೆ ತಪ್ಪು ಅವರ ಟ್ರಾನ್ಸ್‌ಮಿಟರಿನಲ್ಲಿ ಇರಬೇಕಲ್ಲ?

ಸುಳ್ಯದ ಭಾವ:
ನಷ್ಟ ಎರಡೂ ಕಡೆಗೆ ಒಂದೇ, ಅದು ಖಂಡಿತ. ಆದರೆ ಎಫ್‌ಎಂನಲ್ಲಿ ನಷ್ಟ ಕಿವಿಗೆ ಹಾಗೆ ಗೊತ್ತಾಗುವುದಿಲ್ಲ. ಸಿಗ್ನಲ್ ಒಂದು ಮಟ್ಟದಿಂದ ಮೇಲೆ ಇರುವಷ್ಟು ಹೊತ್ತು ಸ್ವರ ಸ್ವಚ್ಛ, 9 ಡಿಬಿ ಕಳೆದರೂ ಸ್ವಚ್ಛವೇ. ಆ ಮಟ್ಟದಿಂದ ಕೆಳಗೆ ಇಳಿದರೆ ಒಮ್ಮೆಲೇ ಸುಯ್. ನಿಮ್ಮದು ಎಷ್ಟು ವಾಟ್?

ಕುಂಬಳೆ ಕಡಲು:
50. ಆಂಟೆನಾ ಎರಡು ಮಾಳಿಗೆ ಮೇಲೆ, ಕೇಬಲ್ ದಪ್ಪದ, ನಷ್ಟ ಕಡಿಮೆಯ ಆರ್‌ಜಿ-213.

ಸುಳ್ಯದ ಭಾವ:
ಅದೇ. ಆಂಟೆನಾ, ಕೇಬಲಿನ ಲಾಭನಷ್ಟ ಎರಡೂ ಕಡೆಗೆ ಒಂದೇ, ಆದರೆ ನಿಮ್ಮ ಪವರ್ ಅವರದ್ದರ ಎರಡು ಪಟ್ಟು. ಕಳೆದುಕೊಳ್ಳಲು ನಿಮಗೆ ಅಷ್ಟು ಉಂಟು, ಅವರಿಗೆ ಇಲ್ಲ. ಸಿಗ್ನಲಿನ ಬಲ ತೋರಿಸುವ ಅವರ ಎಸ್ ಮೀಟರಿನಲ್ಲಿ ನೀವು ಎಪ್ರಿಲಿಗಿಂತ ಕೆಳಗೆ ಇಳಿದಿರುತ್ತೀರಿ, ಕಿವಿ ಅದನ್ನು ಹೇಳಲಿಲ್ಲ ಅಷ್ಟೇ.

ಗೋಳಿಮರ:
ಇವತ್ತು ಮಳೆ ಸ್ವಲ್ಪ ಬಿಟ್ಟಿತ್ತು, ಹತ್ತಿ ಬಿಚ್ಚಿದೆವು. ತುದಿಯಲ್ಲಿ ಆಂಟೆನಾ ಇಲ್ಲ, ಎಂತದೂ ಇಲ್ಲ, ಬರೀ ಕೇಬಲ್. ಎಸ್‌ಡಬ್ಲ್ಯೂಆರ್ 1.3!! ನಮ್ಮ ಹುಡುಗರು ಮೀಟರನ್ನು ತಟ್ಟಿ ತಟ್ಟಿ ನೋಡಿದರು.

ಆಮೇಲೆ ಮೇಲಿನ ತುದಿಯ ಪಿಎಲ್-259 ಕನೆಕ್ಟರ್ ಕತ್ತರಿಸಿದೆವು. ಕನೆಕ್ಟರಿನಿಂದ ನೀರು ತೊಟ್ಟಿಕ್ಕಿತು. ಕಪ್ಪು ಸಿಪ್ಪೆ ಸುಲಿದರೆ ಒಳಗೆ ಜಾಲರಿ ತಾಮ್ರದ ಬಣ್ಣದಲ್ಲಿ ಇಲ್ಲವೇ ಇಲ್ಲ, ಕಪ್ಪಾಗಿ, ಅಲ್ಲಲ್ಲಿ ಹಸುರು ಹುಡಿ. ಒಂದು ಮಾರು ಕೆಳಗೆ ಕತ್ತರಿಸಿದೆವು, ಅಲ್ಲೂ ಕಪ್ಪು. ಇನ್ನೂ ಕೆಳಗೆ, ಅಲ್ಲೂ ಕಪ್ಪು. ಮೇಲೆ ಸುತ್ತಿದ್ದದ್ದು ವಯರಿಂಗಿನ ಸಾದಾ ಪಿವಿಸಿ ಟೇಪು. ಬಿಸಿಲಿಗೆ ಅದರ ಅಂಟು ಕರಗಿ ಬಾಲ ಬಿಟ್ಟಿತ್ತು.

ಸುಳ್ಯದ ಭಾವ:
ಹಾಗಾದರೆ ಲೆಕ್ಕ ಹೀಗೆ. 1.3 ಅಂದರೆ ರಿಟರ್ನ್ ಲಾಸ್ (ಹೋದ ಪವರಿಗಿಂತ ಹಿಂದೆ ಬಂದದ್ದು ಎಷ್ಟು ಕಡಿಮೆ ಎಂಬ ಲೆಕ್ಕ) ಹತ್ತಿರ ಹತ್ತಿರ 18 ಡಿಬಿ. ಅದು ಹೋಗಿ ಬರುವ ಎರಡೂ ದಾರಿಯದ್ದು, ಅರ್ಧ ಮಾಡಿದರೆ ಒಂದು ದಾರಿಗೆ 9. ಒಂಬತ್ತು ಡಿಬಿ ಅಂದರೆ ಎಂಟರಲ್ಲಿ ಒಂದು ಪಾಲು. ನಿಮ್ಮ 25 ವಾಟಿನಲ್ಲಿ ಆಂಟೆನಾಕ್ಕೆ ಮುಟ್ಟುತ್ತಿದ್ದದ್ದು 3 ವಾಟ್ ಮತ್ತು ಸ್ವಲ್ಪ. ಒಣಗಿದ್ದಾಗಲೂ ಎಂಟೋ ಒಂಬತ್ತೋ ವಾಟ್ ಅಷ್ಟೆ, ಅದನ್ನೂ ನೆನಪಿಡಿ.

ಆ ಕೇಬಲ್ ಒಣಗಿಸಿ ಉಪಯೋಗಿಸುವ ಆಸೆ ಬೇಡ. ನೀರು ಜಾಲರಿಯ ಎಳೆಗಳ ನಡುವೆ ಹಿಡಿದುಕೊಂಡು ಕೆಳಗೆ ಕೆಳಗೆ ಹೋಗಿದೆ. ಬೇಸಗೆಯಲ್ಲಿ ನೀರು ಆರಬಹುದು, ಕ್ಲಾವು (ಕಿಲುಬು) ಹೋಗುವುದಿಲ್ಲ.

ವಿಯು3_ಹೊಸಬ:
ಕೇಬಲ್ ಟಿವಿಯ ಆರ್‌ಜಿ-6 ಹಾಕಬಹುದಾ? ನಮ್ಮಲ್ಲಿ ಅರ್ಧ ಸುತ್ತು ಸುಮ್ಮನೆ ಬಿದ್ದಿದೆ.

ಸುಳ್ಯದ ಭಾವ:
ಧಾರಾಳ ಹಾಕಬಹುದು. 75 ಓಮ್ ಅಂತ ಹೆದರುವುದು ಬೇಡ. ಎಸ್‌ಡಬ್ಲ್ಯೂಆರ್ 1.5ರ ಆಸುಪಾಸು ಬರುತ್ತದೆ, ಸೆಟ್ಟು ಅದನ್ನು ತಡೆಯುತ್ತದೆ. ನಷ್ಟ ಆರ್‌ಜಿ-58ರ ಅರ್ಧಕ್ಕಿಂತಲೂ ಕಡಿಮೆ. ಕಷ್ಟ ಬರುವುದು ಕನೆಕ್ಟರಿನಲ್ಲಿ. ಅದರ ಜಾಲರಿ ಅಲ್ಯೂಮಿನಿಯಂ, ಬೆಸುಗೆ ಹಿಡಿಯುವುದಿಲ್ಲ. ಎಫ್ ಕನೆಕ್ಟರ್ ಹಾಕಿ ಅಡಾಪ್ಟರ್ ಕೊಡಬೇಕು.

ಆದರೆ ನನ್ನ ಕೇಳಿದರೆ ಕೇಬಲ್ ಯಾವುದು ಅನ್ನುವುದಕ್ಕಿಂತ ಮೊದಲು ಪೈಪು ಎಲ್ಲಿ ಅನ್ನುವುದನ್ನು ನೋಡಿ. ಹಿಂಬದಿಯ ಪೈಪನ್ನು ಮುಂಬದಿಯ ಪ್ಯಾರಾಪೆಟಿಗೆ ತಂದು ಕ್ಲಾಂಪ್ ಹಾಕಿದರೆ 10 ಮೀಟರಿನಲ್ಲಿ ಮುಗಿಯುವುದಿಲ್ವಾ? 10 ಮೀಟರ್ ಆರ್‌ಜಿ-213ರಲ್ಲಿ ಒಂದು ಡಿಬಿಯೂ ಹೋಗುವುದಿಲ್ಲ, 20 ವಾಟ್ ಆಂಟೆನಾಕ್ಕೆ ಮುಟ್ಟುತ್ತದೆ. ಕುಂಬಳೆಯವರಿಗೆ 3 ವಾಟಿನಿಂದ 20 ವಾಟ್ ಅಂದರೆ ಬೇರೆಯೇ ಸ್ಟೇಷನ್ ಬಂದ ಹಾಗೆ ಇರುತ್ತದೆ. 50 ವಾಟಿನ ಸೆಟ್ಟಿಗೆ ದುಡ್ಡು ಹಾಕುವವರು ಈ ಲೆಕ್ಕ ಯಾಕೆ ಮಾಡುವುದಿಲ್ಲವೋ ನನಗೆ ಅರ್ಥ ಆಗುವುದಿಲ್ಲ.

ನಿವೃತ್ತ ಮಾಷ್ಟ್ರು:
ಹೊಸ ಕೇಬಲ್ ಹಾಕುವಾಗ ತುದಿ ಮುಚ್ಚುವ ಕ್ರಮ ನಾನು ಹೇಳುತ್ತೇನೆ, ಅದರಲ್ಲಿ ನನಗೆ ಅನುಭವ ಉಂಟು. ಪಿಎಲ್-259 ಎಂಬುದು ನೀರು ತಡೆಯುವ ಕನೆಕ್ಟರೇ ಅಲ್ಲ, ಅದನ್ನು ಮೊದಲು ಒಪ್ಪಿಕೊಳ್ಳಿ. ಕನೆಕ್ಟರ್ ಬಿಗಿ ಮಾಡಿದ ಮೇಲೆ ರಬ್ಬರ್ ಟೇಪು, ಎಳೆದು ಸುತ್ತಿದರೆ ತನ್ನಷ್ಟಕ್ಕೆ ಒಂದಕ್ಕೊಂದು ಅಂಟಿ ಒಂದೇ ತುಂಡಾಗುತ್ತದಲ್ಲ, ಅದು. ಸುತ್ತು ಕೆಳಗಿನಿಂದ ಮೇಲಕ್ಕೆ ಬರಬೇಕು, ಮನೆಯ ಹಂಚು ಹೊದೆಸಿದ ಹಾಗೆ, ಮೇಲಿನದ್ದು ಕೆಳಗಿನದ್ದರ ಮೇಲೆ ಕೂರಬೇಕು. ಅದರ ಮೇಲೆ ಬಿಸಿಲು ತಾಗದ ಹಾಗೆ ಒಳ್ಳೆಯ ಪಿವಿಸಿ ಟೇಪು, ಅದೂ ಕೆಳಗಿನಿಂದಲೇ. ಹುಳಿ ವಾಸನೆ ಬರುವ ಸಿಲಿಕಾನ್ ಹಾಕಲೇಬೇಡಿ. ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ.

ಕಿಟಕಿಯಿಂದ ಒಳಗೆ ತರುವ ಮೊದಲು ಕೇಬಲನ್ನು ಕಿಟಕಿಗಿಂತ ಒಂದು ಗೇಣು ಕೆಳಗೆ ಇಳಿಸಿ ಮತ್ತೆ ಮೇಲಕ್ಕೆ ತನ್ನಿ, ಹರಿದ ನೀರು ಅಲ್ಲಿ ತೊಟ್ಟಿಕ್ಕಲಿ. ಅಳಿಲಿನ ಹಲ್ಲಿನ ಗುರುತು ಉಂಟಾ ಅಂತ ಬೇಸಗೆಯಲ್ಲಿ ಒಮ್ಮೆ ಉದ್ದಕ್ಕೂ ಕೈಯಾಡಿಸಿ. ಸಣ್ಣ ತೂತು ಸಾಕು ನೀರಿಗೆ.

ಗೋಳಿಮರ:
ಮಾಷ್ಟ್ರಿಗೂ ಭಾವನಿಗೂ ದೊಡ್ಡ ಥ್ಯಾಂಕ್ಸ್. ಪೈಪು ಮುಂದೆ ತರಲು ಸಮಿತಿಯವರು ಒಪ್ಪಿದ್ದಾರೆ. ಈಗ ಬ್ಯಾಟರಿಯ ವಿಷಯ?

ಕುಂಬಳೆ ಕಡಲು:
ಅದು ನನಗೆ ಬಿಡಿ. ಬ್ಯಾಟರಿಯಿಂದ ಸೆಟ್ಟಿಗೆ ಯಾವ ವಯರು, ಎಷ್ಟು ಉದ್ದ?

ಗೋಳಿಮರ:
ಬ್ಯಾಟರಿ ಕೆಳಗಿನ ಕೋಣೆಯಲ್ಲಿ, ಸೆಟ್ಟು ಮೇಲೆ. 6 ಮೀಟರ್ ಆಗಬಹುದು. ಮನೆ ವಯರಿಂಗಿನ 1 ಸ್ಕ್ವೇರ್ ಎಂಎಂ ವಯರು.

ಕುಂಬಳೆ ಕಡಲು:
ಸಿಕ್ಕಿತು. 6 ಮೀಟರ್ ಹೋಗಲು, 6 ಮೀಟರ್ ಬರಲು, ಒಟ್ಟು 12. ಆ ವಯರಿಗೆ ಸುಮಾರು 0.2 ಓಮ್ ರೋಧ. ನಿಮ್ಮ ಸೆಟ್ಟು ಕೇಳುವಾಗ ಅರ್ಧ ಆಂಪಿಯರ್ ಎಳೆದರೆ ಪಿಟಿಟಿ ಒತ್ತಿದಾಗ ಆರು ಎಳೆಯುತ್ತದೆ. ಅಂದರೆ ವಯರಿನಲ್ಲೇ 1.2 ವೋಲ್ಟ್ ಕರಗಿತು. ಚಾರ್ಜ್ ಆಗದೆ 12.3ರಲ್ಲಿ ಇರುವ ಬ್ಯಾಟರಿ ಸೆಟ್ಟಿನ ಬಾಯಿಗೆ 11ರ ಹತ್ತಿರ ಕೊಡುತ್ತದೆ. ಈ ಸೆಟ್ಟುಗಳು ಸಾಮಾನ್ಯವಾಗಿ 13.8 ವೋಲ್ಟಿಗೆ 15 ಶೇಕಡ ಆಚೀಚೆ ಅಂತ ಮಾಡಿದ್ದು, ಕೆಳಗಿನ ಗಡಿ 11.7. ಅದಕ್ಕಿಂತ ಇಳಿದರೆ ಆಫ್.

4 ಸ್ಕ್ವೇರ್ ಎಂಎಂ ವಯರು ಎಳೆಯಿರಿ, ನಷ್ಟ 0.3 ವೋಲ್ಟಿಗೆ ಬರುತ್ತದೆ. ಫ್ಯೂಸ್ ಬ್ಯಾಟರಿಯ ಬುಡದಲ್ಲೇ ಇರಲಿ, ಸೆಟ್ಟಿನ ಬಳಿ ಅಲ್ಲ. ಪಿಟಿಟಿ ಒತ್ತಿ ಹಿಡಿದು ಸೆಟ್ಟಿನ ಹಿಂದೆಯೇ ಮಲ್ಟಿಮೀಟರ್ ಇಟ್ಟು ಓದಿ. ಬ್ಯಾಟರಿಯ ಮೇಲೆ ಓದಿದರೆ ಯಾವಾಗಲೂ ಚೆಂದವೇ ಕಾಣುತ್ತದೆ.

ನೀವು ಕೇಳಿದ್ದಿರಿ ಎರಡಕ್ಕೂ ಸಂಬಂಧ ಉಂಟಾ ಅಂತ. ಇಲ್ಲ, ಬೇರೆ ಬೇರೆ ಕಾಯಿಲೆ. ಆದರೆ ಸುಯ್ ಆದದ್ದಕ್ಕೆ ನೀವು ಹೈ ಪವರಿನಲ್ಲೇ ಒತ್ತುತ್ತಾ ಇದ್ದಿರಿ, ಹಾಗಾಗಿ ಇದೂ ಎದ್ದು ಕಂಡಿತು.

ವಿಯು3_ಹೊಸಬ:
ಕಲೆಕ್ಟರೇಟಿಗೆ ಕುಂಬಳೆ ಮೂಲಕವೇ ಹೋಗಬೇಕಾ? ಎಚ್‌ಎಫ್‌ನಲ್ಲಿ (ದೂರ ಹೋಗುವ ಕಡಿಮೆ ಫ್ರೀಕ್ವೆನ್ಸಿಯ ಬ್ಯಾಂಡುಗಳಲ್ಲಿ) ನೇರ ತಿರುವನಂತಪುರಕ್ಕೇ ಹೇಳಬಹುದಲ್ಲ?

ನಿವೃತ್ತ ಮಾಷ್ಟ್ರು:
ಹಗಲಿಗೆ 40 ಮೀಟರ್ ಬ್ಯಾಂಡಿನಲ್ಲಿ ಆಗುತ್ತದೆ. ನಮ್ಮ ಈ ರೀಜನ್ 3ರಲ್ಲಿ (ಏಷ್ಯಾ-ಪೆಸಿಫಿಕ್ ಕಡೆಯ ಹ್ಯಾಮ್ ವಲಯ) ತುರ್ತಿಗೆ 7110 ಕಿಲೋಹರ್ಟ್ಸ್ ಸುತ್ತ ಕಿವಿ ಕೊಡುವ ಪದ್ಧತಿ ಉಂಟು. 20 ಮೀಟರ್ ಉದ್ದದ ಡೈಪೋಲ್ (ತಂತಿಯ ಆಂಟೆನಾ), ಎರಡು ತೆಂಗಿನ ನಡುವೆ ಆರೇಳು ಮೀಟರ್ ಎತ್ತರದಲ್ಲಿ ಸಾಕು. ಹೀಗೆ ಕಡಿಮೆ ಎತ್ತರದಲ್ಲಿ ಕಟ್ಟಿದರೆ ಅಲೆ ನೆಟ್ಟಗೆ ಮೇಲೆ ಹೋಗಿ, ಆಕಾಶದ ಅಯಾನುಗೋಳದಿಂದ ತಿರುಗಿ ಗುಡ್ಡೆ ದಾಟಿ ಇಳಿಯುತ್ತದೆ, ಸುತ್ತಿನ ಜಿಲ್ಲೆಗಳಿಗೆ ಅದೇ ಬೇಕಾದ್ದು. ಗಾಳಿಗೆ ತೆಂಗು ಓಲಾಡುವಾಗ ತಂತಿ ಕಡಿಯದ ಹಾಗೆ ಒಂದು ತುದಿಗೆ ರಾಟೆ ಹಾಕಿ ಕಲ್ಲು ತೂಗಬಿಡಿ. ರಾತ್ರಿಗೆ ಆ ಬ್ಯಾಂಡು ಹತ್ತಿರದವರಿಗೆ ಕೈ ಕೊಡುತ್ತದೆ, 80 ಮೀಟರಿಗೆ ಇಳಿಯಬೇಕು.

ಆದರೆ ಸುದ್ದಿ ಜಿಲ್ಲೆಗೆ ಮೊದಲು ಮುಟ್ಟಲಿ. ದೋಣಿಯೂ ಜೇಸಿಬಿಯೂ ಬರುವುದು ವಿದ್ಯಾನಗರದ ಮಾತಿನಿಂದ, ತಿರುವನಂತಪುರದಿಂದಲ್ಲ. 2024ರ ಜುಲೈ 30ರ ವಯನಾಡ್ ಭೂಕುಸಿತದ ಹೊತ್ತಿಗೂ ಹ್ಯಾಮ್‌ಗಳು ಸ್ಟೇಷನ್ ಇಟ್ಟದ್ದು ಕಲ್ಪೆಟ್ಟದ ಕಲೆಕ್ಟರೇಟಿನಲ್ಲಿ.

ಗೋಳಿಮರ:
ಅಪ್‌ಡೇಟ್. ಪೈಪು ಮುಂದೆ ಬಂತು, ಆರ್‌ಜಿ-213 ಹತ್ತು ಮೀಟರಿನ ಒಳಗೇ ಮುಗಿಯಿತು. ಮಾಷ್ಟ್ರು ಹೇಳಿದ ಹಾಗೆ ಹಂಚು ಸುತ್ತು. ಎಸ್‌ಡಬ್ಲ್ಯೂಆರ್ ಈಗ 1.6, ನೋಡಿ ಸಮಾಧಾನ ಆಯಿತು 😀 ರೇಡಿಯಲ್ ಕಡ್ಡಿಗಳು ನೇರ ಅಡ್ಡಕ್ಕೆ ಇದ್ದವು, 45 ಡಿಗ್ರಿ ಕೆಳಗೆ ಬಗ್ಗಿಸಿದ್ದಕ್ಕೆ 1.2ಕ್ಕೆ ಬಂತು. ಪಿಟಿಟಿ ಒತ್ತಿದಾಗ ಸೆಟ್ಟಿನ ಹಿಂದೆ 12.0 ವೋಲ್ಟ್ ನಿಲ್ಲುತ್ತದೆ.

ಕುಂಬಳೆ ಕಡಲು:
ಜೋರು ಮಳೆಯಲ್ಲೇ ಕೇಳಿದೆ. ಸುಯ್ ಇಲ್ಲ, ಹಿಂದೆ ಯಾರೋ ಚಾ ಕುಡಿಯಲು ಕರೆದದ್ದೂ ಕೇಳಿತು. ಇನ್ನು ಸಿಡಿಲು ಶುರುವಾಗುವ ಮೊದಲೇ ಕೇಬಲ್ ಬಿಚ್ಚಿ ಕಿಟಕಿಯಿಂದ ಹೊರಗೆ ಹಾಕಲು ಒಬ್ಬರನ್ನು ಗೊತ್ತು ಮಾಡಿ. ತುಲಾ ಮಳೆಯ (ಅಕ್ಟೋಬರ್-ನವೆಂಬರಿನ ಗುಡುಗು ಮಳೆ) ಸಂಜೆಗಳಲ್ಲಿ ಅದು ದಿನದ ಕೆಲಸ.

ಗೋಳಿಮರ:
ಆಗಲಿ. ಹಳೆ ಕೇಬಲ್ ಗುಜರಿಗೆ ಕೊಡುವುದಾ?

ಸುಳ್ಯದ ಭಾವ:
ಬೇಡ ಬೇಡ. ತುದಿ ತೆರೆದಿದ್ದರೂ 1.3 ತೋರಿಸುವ ಕೇಬಲ್ ಅಂದರೆ ಒಳ್ಳೆಯ ಡಮ್ಮಿ ಲೋಡ್ (ಪರೀಕ್ಷೆಗೆ ಆಂಟೆನಾದ ಬದಲು ಪವರ್ ನುಂಗುವ ವಸ್ತು). ಸುತ್ತಿ ಇಡಿ, ಹುಡುಗರ ಹ್ಯಾಂಡಿ ಪರೀಕ್ಷೆ ಮಾಡಲು ಬೇಕಾಗುತ್ತದೆ. 73 (ಹ್ಯಾಮ್ ಭಾಷೆಯಲ್ಲಿ ಶುಭಾಶಯ).